ನೀಲಿ ಡಬ್ಬಿಯ ಅಕ್ಕಾರು

ಅಕ್ಕಾರು ತೀರಿಕೊಂಡರು ಅಂತ ಫೋನ್ ಬಂದಾಗ ನಾನು ಲ್ಯಾಬಿನಲ್ಲಿ ಬೆಳಗಿನ ಐಸ್ ಮುಟ್ಟಿ ನೋಡುತ್ತಿದ್ದೆ. ಅಂಗೈಯಿಂದಲ್ಲ, ಬೆರಳುಗಳ ಹಿಂಬದಿಯಿಂದ. ಹಾಗೆ ನೋಡುವುದನ್ನು ಕಲಿಸಿದವರೂ ಅವರೇ. "ಅಂಗೈ ದುಡದು ದುಡದು ಮೊದ್ದ ಆಗಿರ್ತದ ತಮ್ಮಾ, ಅದಕ್ಕ ಎಲ್ಲಾನೂ ತಣ್ಣಗ ಅನಸ್ತದ. ಬೆರಳ ಬೆನ್ನಿಗೆ ಕೇಳು" ಅನ್ನುತ್ತಿದ್ದರು. ಫೋನ್ ಮಾಡಿದವಳು ಮಸ್ಕಿಯಲ್ಲಿರುವ ಅವರ ತಂಗಿಯ ಮಗಳು. ಬಟ್ಟೆ ಒಣಹಾಕುತ್ತಿದ್ದವರು ಹಾಗೇ ಕುಸಿದರಂತೆ. ಯಾವಾಗ ಅಂದೆ, ಮಣ್ಣು ಎಷ್ಟೊತ್ತಿಗೆ ಅಂದೆ. ಮಾತು ಮುಗಿದ ಮೇಲೂ ನನ್ನ ಕೈ ಐಸಿನೊಳಗೇ ಇತ್ತು. ತೆಗೆದಾಗ ಬೆರಳು ಮರಗಟ್ಟಿದ್ದವು.

ಅವತ್ತಿನಿಂದ ನನಗೆ ಒಂದು ಕಡೆ ಕೂಡಲು ಆಗುತ್ತಿಲ್ಲ. ಮಣ್ಣಿಗೆ ಹೋಗಿ ಬಂದೆ, ಮೂರನೇ ದಿನಕ್ಕೂ ಹೋಗಿ ಬಂದೆ. ಆದರೂ ಒಲೆಯ ಮೇಲೆ ಏನನ್ನೋ ಇಟ್ಟು ಮರೆತು ಬಂದವನ ಹಾಗೆ ಒಳಗೆ ಹೊರಗೆ ತಿರುಗುತ್ತಿದ್ದೇನೆ. ಹೆಂಡತಿ ಎರಡು ಸಲ ಬಿಪಿ ನೋಡಿಕೋ ಅಂದಳು. ಬಿಪಿ ಸರಿಯಾಗಿಯೇ ಇದೆ. ಬರೆದರೆ ಹಗುರಾದೀತೇನೋ ಅಂತ ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಬಂತು ಅಂದರೆ "ಯಾಕ ಬೇಕಾಗಿತ್ತು ಅದು" ಅಂತ ಮುಖ ಸಿಂಡರಿಸುವ ಜೀವ ಅದು. ಇಡೀ ಮೂರು ತಾಲೂಕು ಅವರನ್ನು ಅಕ್ಕಾರು ಅನ್ನುತ್ತಿತ್ತು, ನನಗೂ ಅಷ್ಟೇ ಸಾಕು.

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ರಕ್ತ ತಪಾಸಣೆಯ ಲ್ಯಾಬ್. ಎರಡು ಕೋಣೆ, ಒಂದು ಮೈಕ್ರೋಸ್ಕೋಪು, ರಕ್ತವನ್ನು ಗಿರಗಿರ ತಿರುಗಿಸಿ ಕೆಂಪು ಬೇರೆ ನೀರು ಬೇರೆ ಮಾಡುವ ಯಂತ್ರ, ಒಂದು ಡೀಪ್ ಫ್ರೀಜರ್. ಆ ಫ್ರೀಜರಿನ ದೆಸೆಯಿಂದಲೇ ಅಕ್ಕಾರು ನನಗೆ ಗಂಟುಬಿದ್ದದ್ದು. ಅವರು ಲಿಂಗಸುಗೂರಿನಲ್ಲಿ ಸರಕಾರಿ ಲ್ಯಾಬಿನ ಕೆಲಸ ಮಾಡಿ ನಿವೃತ್ತರಾಗಿದ್ದರು. ಅದೇ ಹೊತ್ತಿಗೆ ದೂರದ ಊರಿನ ಮೆಡಿಕಲ್ ಕಾಲೇಜೊಂದು ನಮ್ಮ ಕಡೆ ಕಿಡ್ನಿ ರೋಗದ ಸಂಶೋಧನೆ ಶುರುಮಾಡಿತ್ತು. ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಿಡ್ನಿ ಅವರಿಗೆ ಬೇಕಿರಲಿಲ್ಲ, ಅದು ಓಣಿಗೆ ಹತ್ತು ಸಿಗುತ್ತದೆ. ಸಣ್ಣ ವಯಸ್ಸಿನಲ್ಲಿ, ಕಾರಣ ತಿಳಿಯದೆ, ಬೆಳಗ್ಗೆ ಎದ್ದರೆ ಮುಖ ಊದಿ, ಮೂತ್ರ ನೊರೆನೊರೆಯಾಗಿ ಬರುವ ರೋಗ ಬೇಕಿತ್ತು. ಅಂಥ ಮನೆಗಳನ್ನು ಹುಡುಕಿ, ಮನೆಮಂದಿಯ ರಕ್ತ ತಂದು, ಕೆಡದ ಹಾಗೆ ಕಳಿಸುವ ಕೆಲಸಕ್ಕೆ ಅಕ್ಕಾರನ್ನು ಹಿಡಿದರು. ರಕ್ತ ತಿರುಗಿಸಿ ಫ್ರೀಜರಿನಲ್ಲಿಡುವ ಕೆಲಸ ನನ್ನದು. ವಾರಕ್ಕೊಮ್ಮೆ, ಗುರುವಾರ, ಕಾಲೇಜಿನ ವ್ಯಾನು ಬಂದು ಒಯ್ಯುತ್ತಿತ್ತು.

ಕಾಲೇಜಿನ ಡಾಕ್ಟರು ಆ ರೋಗವನ್ನು ನನಗೆ ಒಂದು ತಾಸು ವಿವರಿಸಿದ್ದರು. ನನಗೆ ಅರ್ಥವಾದದ್ದು ಅಕ್ಕಾರು ಬಳಗಾನೂರಿನ ಒಂದು ಕಟ್ಟೆಯ ಮೇಲೆ ನಾಟಿ ಕೆಲಸದ ಹೆಂಗಸರಿಗೆ ಹೇಳುವಾಗ.

"ನೋಡವ್ವಾ, ನಮ್ಮ ರಕ್ತದಾಗ ಕಾವಲು ಮಂದಿ ಅದಾರ. ಕಾಂಪ್ಲಿಮೆಂಟ್ ಅಂತ ಅವರ ಹೆಸರು. ಹೊರಗಿನ ರೋಗ ಒಳಗ ಬಂತಂದ್ರ ಕೋಲು ಬಡಗಿ ತಗೊಂಡು ಏಳ್ತಾರ, ಬಡದು ಹಾಕ್ತಾರ, ಮತ್ತ ಮಲಗ್ತಾರ. ಕೆಲವರ ಮೈಯಾಗ ಏನಾಗ್ತದ, ಇನ್ನ ಸಾಕು ಮಲಗ್ರಿ ಅನ್ನೋ ಹಿರೇತನದವನ ಇರಂಗಿಲ್ಲ. ಕಳ್ಳ ಇರಲಿ ಬಿಡಲಿ, ಇವರು ಬಡಗಿ ಬೀಸಾಕತ್ತಿದ್ರ ಏಟು ಯಾರಿಗೆ ಬೀಳ್ತದ? ಕಿಡ್ನಿಗೆ. ಅದು ಸಣ್ಣ ಜರಡಿ ಇದ್ದಂಗ. ಹರದು ಹೋಗ್ತದ."

"ಅದಕ್ಕ ರಕ್ತ ಯಾಕ ಒಯ್ತೀರಿ ಅಕ್ಕಾರ?"

"ಯಾರ ಮೈಯಾಗ ಆ ಹಿರ್ಯಾ ಇಲ್ಲ ಅಂತ ನೋಡಾಕ. ಗೊತ್ತಾದ್ರ ಔಷಧ ಹುಡುಕ್ತಾರ. ಇವತ್ತಿಲ್ಲಂದ್ರ ನಾಳಿ."

ತೊಡಕು ಒಂದೇ. ಈ ಕಾವಲು ಮಂದಿ ಕೊಳವೆಯೊಳಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ರಕ್ತ ಬೆಚ್ಚಗಾಯಿತೋ, ಅಲ್ಲೇ ಎದ್ದು ತಮ್ಮತಮ್ಮಲ್ಲೇ ಬಡಿದಾಡಿಕೊಂಡು ಮುಗಿದುಹೋಗುತ್ತಾರೆ. ಆಮೇಲೆ ತಪಾಸಣೆ ಮಾಡಿದವರಿಗೆ, ಈ ಮನುಷ್ಯನ ಮೈಯಲ್ಲೇ ರೋಗವಿದೆ ಅಂತ ಕಾಣುತ್ತದೆ. ಅದಕ್ಕೇ ಐಸು. ಅದಕ್ಕೇ ಆ ನೀಲಿ ಡಬ್ಬಿ. ಅದಕ್ಕೇ ಅಕ್ಕಾರಿಗೆ ಮೂರು ತಾಲೂಕಿನಲ್ಲಿ ಎಲ್ಲೂ ನಿಲ್ಲಲು, ಕೂಡಲು, ಚಹಾ ಕುಡಿಯಲು ಪುರುಸೊತ್ತಿರಲಿಲ್ಲ.

ಬಸ್ಸಿನಲ್ಲಿ ಅವರನ್ನು ನೋಡಬೇಕಿತ್ತು. ಡಬ್ಬಿಗೆ ನೆರಳಿನ ಕಡೆಯ ಸೀಟು, ತಾವು ಪಕ್ಕಕ್ಕೆ. ರಸ್ತೆ ತಿರುಗಿ ಬಿಸಿಲು ಆ ಕಡೆ ಬಂದರೆ ಡಬ್ಬಿಯನ್ನು ಎತ್ತಿಕೊಂಡು ಈ ಕಡೆಗೆ. ಮಸ್ಕಿಯಿಂದ ಸಿಂಧನೂರು ಮುಟ್ಟುವಷ್ಟರಲ್ಲಿ ಮೂರು ನಾಲ್ಕು ಸಲ ಅರ್ಧ ಬಸ್ಸನ್ನು ಎಬ್ಬಿಸಿ ಕೂಡಿಸುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಒಬ್ಬ ಕಂಡಕ್ಟರು ದಿನಾ ಕಾಡಿಸುತ್ತಿದ್ದ. "ನಿಮಗ ಟಿಕೆಟ್ ಇಲ್ಲ, ಖರೇ. ಡಬ್ಬಿ ಗಂಡೋ ಹೆಣ್ಣೋ ಹೇಳ್ರಿ ಅಕ್ಕಾರ."

"ಹೆಣ್ಣಪ. ಗಂಡಾಗಿದ್ರ ಇಷ್ಟು ಭಾರ ಹೊತ್ತು ಇಷ್ಟು ಸುಮ್ಮ ಕುಂದರ್ತಿತ್ತೇನು?"

ಸುಮ್ಮನೆ ಕೂಡುವುದು ಅವರಿಗಂತೂ ಬರುತ್ತಿರಲಿಲ್ಲ. ನನ್ನ ಲ್ಯಾಬಿಗೆ ಬಂದರೆ ಕುರ್ಚಿಯ ತುದಿಯಲ್ಲಿ ಅರ್ಧ ಕುಂತು ಅರ್ಧ ಎದ್ದು, ಯಂತ್ರದ ಸದ್ದು ಕೇಳುತ್ತ, ಗೋಡೆಯ ಗಡಿಯಾರ ನೋಡುತ್ತ, ನನ್ನ ಟೇಬಲ್ಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತ ಇರುತ್ತಿದ್ದರು. ಯಂತ್ರ ನಿಂತ ಮೇಲೇ ಒಂದು ಗುಟುಕು ನೀರು. ಸಿಟ್ಟು ಬಂದರೂ ದನಿ ಏರಿಸಿದವರಲ್ಲ. ಮೂಗಿನ ಮೇಲಿನ ಕನ್ನಡಕ ತೆಗೆದು ಸೆರಗಿನಿಂದ ಒರೆಸುವರು. ಒರೆಸುವುದು ಎಷ್ಟು ಹೊತ್ತಾಯಿತೋ ಅಷ್ಟು ಸಿಟ್ಟು ಅಂತ ನಾನು ತಿಳಿದುಕೊಂಡಿದ್ದೆ. ಒಮ್ಮೆ ದಢೇಸುಗೂರಿನಿಂದ ಬರುವಾಗ ಭತ್ತ ತುಂಬಿದ ಲಾರಿಯೊಂದು ಕಾಲುವೆ ರಸ್ತೆಗೆ ಅಡ್ಡ ನಿಂತು, ಬಸ್ಸು ಮುಕ್ಕಾಲು ತಾಸು ಅಲುಗಾಡಲಿಲ್ಲ. ಲ್ಯಾಬಿಗೆ ಬಂದು ಡಬ್ಬಿ ತೆಗೆದರೆ ಐಸು ಇನ್ನೂ ಅರ್ಧ ಉಳಿದಿತ್ತು. ನಾನು ನಡೆಯುತ್ತದೆ ಅಂದೆ. ಅಕ್ಕಾರು ಬೆರಳ ಬೆನ್ನಿನಿಂದ ಮುಟ್ಟಿದರು, ಕನ್ನಡಕ ಒರೆಸಿದರು, ಎಲ್ಲ ಕೊಳವೆಗಳನ್ನೂ ಕಸದ ಕೆಂಪು ಚೀಲಕ್ಕೆ ಹಾಕಿದರು. ಮರುದಿನ ದಢೇಸುಗೂರಿಗೆ ಹೋಗಿ ಮನೆಮನೆಗೂ "ನಿಮ್ಮ ರಕ್ತ ನಾ ಕೆಡಿಸೀನಿ, ತಪ್ಪಾತು, ಮತ್ತ ಕೊಡ್ರಿ" ಅಂತ ಕೈ ಮುಗಿದು ಬಂದರು. ಲಾರಿಯ ವಿಷಯ ಹೇಳಲೇ ಇಲ್ಲವಂತೆ.

"ಲಾರಿ ಅಡ್ಡ ಬಂತು ಅಂತ ಹೇಳಬೇಕಿಲ್ರಿ?" ಅಂದೆ.

"ಅವರು ರಕ್ತ ಕೊಟ್ಟದ್ದು ಲಾರಿ ಕೈಯಾಗ ಅಲ್ಲಲ್ಲ."

ಹಳ್ಳಿಗಳಲ್ಲಿ ಅವರು ಊಟ ಮಾಡುತ್ತಿರಲಿಲ್ಲ. ಚಹಾ ಸಹ ಇಲ್ಲ. ಐಸು ಕಾಯುವುದಿಲ್ಲ ಅಂತ ಕಾರಣ ಕೊಡುತ್ತಿದ್ದರು, ನಾನೂ ನಂಬಿದ್ದೆ. ಒಂದು ಸಂಜೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಬಸ್ಸು ತಡವಾಗಿ, ಡಬ್ಬಿ ಖಾಲಿ ಇದ್ದುದರಿಂದ ಮನುಷ್ಯರಂತೆ ಕುಂತಿದ್ದರು. ಆಗ ಹೇಳಿದರು. ಅವರದು ಬೌದ್ಧ ಮನೆತನ, ತಂದೆಯ ಕಾಲದಲ್ಲೇ ಆ ದಾರಿಗೆ ಬಂದವರು. ಅದಕ್ಕೂ ಮುಂಚೆ ಏನಾಗಿದ್ದರು ಅನ್ನುವುದನ್ನು ಊರು ಮರೆಯುವುದಿಲ್ಲ. ನೌಕರಿಯ ಮೊದಲ ವರ್ಷ ಮಲೇರಿಯಾ ತಪಾಸಣೆಗೆ ಒಂದು ಹಳ್ಳಿಗೆ ಹೋದಾಗ, ದೊಡ್ಡ ಮನೆಯೊಂದರಲ್ಲಿ ಡಾಕ್ಟರಿಗೆ ಒಳಗೆ ಚಹಾ, ಇವರಿಗೆ ಕಟ್ಟೆಯ ಮೇಲೆ. ಕುಡಿದು ಕಪ್ಪು ತೊಳೆದಿಡಬೇಕು ಅಂದರಂತೆ. "ತೊಳದು ಇಟ್ಟೆ. ಅವತ್ತಿಂದ ಹೊರಗ ಚಾ ಬಿಟ್ಟೆ. ಅದೇನು ದೊಡ್ಡ ಮಾತಲ್ಲ ಬಿಡು" ಅಂದರು. ದೊಡ್ಡ ಮಾತಲ್ಲ ಅಂದವರು ಬಸ್ಸು ಬರುವ ತನಕ ಕನ್ನಡಕ ಒರೆಸುತ್ತಲೇ ಇದ್ದರು.

ಇಷ್ಟು ಹೇಳಿದ ಮೇಲೆ ಪಾಮನಕಲ್ಲೂರಿನ ಮಾತು ಹೇಳಲೇಬೇಕು. ಈ ಚಡಪಡಿಕೆಯೆಲ್ಲ ಅದರದೇ.

ಅಲ್ಲಿಯ ಒಂದು ಸಾವಕಾರರ ಮನೆ. ಹೊಲವೂ ಉಂಟು, ಬಟ್ಟೆ ಅಂಗಡಿಯೂ ಉಂಟು. ಶಿವಭಕ್ತರು, ಪೂಜೆಯಿಲ್ಲದೆ ಬಾಯಿಗೆ ನೀರು ಹಾಕದವರು. ಮಗ ಬಸವರಾಜನಿಗೆ ಇಪ್ಪತ್ತಾರಕ್ಕೇ ಎರಡೂ ಕಿಡ್ನಿ ಹೋಗಿ, ವಾರಕ್ಕೆ ಎರಡು ಸಲ ಸಿಂಧನೂರಿಗೆ ಡಯಾಲಿಸಿಸ್‌ಗೆ ಬರುತ್ತಿದ್ದ. ಅವನದು ಇದೇ ಕಾವಲು ಮಂದಿಯ ರೋಗ ಅಂತ ಸಂಶೋಧನೆಯಿಂದಲೇ ಗೊತ್ತಾಗಿತ್ತು. ಬದಲಿ ಕಿಡ್ನಿ ಹಾಕಬೇಕು. ತಾಯಿಗೆ ಸಕ್ಕರೆ ಕಾಯಿಲೆ, ತಂದೆಯ ರಕ್ತದ ಗುಂಪು ಕೂಡಲಿಲ್ಲ. ಉಳಿದವಳು ತಂಗಿ ಶಿವಲೀಲಾ. ನಾನು ಕೊಡ್ತೀನಿ ಅಂತ ಅವಳು ಮೊದಲ ದಿನವೇ ಅಂದಿದ್ದಳು. ಆದರೆ ಅಣ್ಣನ ದೋಷ ಅವಳ ರಕ್ತದಲ್ಲೂ ಇದ್ದರೆ ಕೊಟ್ಟ ಕಿಡ್ನಿಯೂ ಕೆಟ್ಟೀತು, ಉಳಿದ ಒಂದರಲ್ಲಿ ಅವಳ ಗತಿ ಏನು? ಅದಕ್ಕೆ ಅವಳ ರಕ್ತದ ತಪಾಸಣೆ ಆಗಬೇಕಿತ್ತು.

ಆ ಮನೆಯಲ್ಲಿ ಸೋಮವಾರ ರಕ್ತ ಕೊಡುವಂತಿಲ್ಲ. ಮಂಗಳವಾರ ಅಮಾವಾಸ್ಯೆ ಬಿತ್ತು. ಉಳಿದದ್ದು ಬುಧವಾರ, ಗುರುವಾರ ಬೆಳಗ್ಗೆ ವ್ಯಾನು. ಆ ಬುಧವಾರವೇ ಐಸ್ ಫ್ಯಾಕ್ಟರಿಯ ಯಂತ್ರ ಕೆಟ್ಟು ಕುಂತಿತು. ನಾನು ಬೈಕು ತೆಗೆದುಕೊಂಡು ಹೋಗಿ ಹೊರಗಿನಿಂದ ಬಂದು ನೆಲೆಸಿದ ಕ್ಯಾಂಪಿನವರ ಮೀನಿನ ಅಂಗಡಿಯಿಂದ ಪುಡಿ ಐಸು ತಂದೆ. ಅಕ್ಕಾರು ಮೂಗಿಗೆ ಸೆರಗು ಹಿಡಿದರು.

"ಆ ಮನೀಗೆ ಇದನ್ನ ಹೆಂಗ ಒಯ್ಲೋ ತಮ್ಮಾ?"

"ಎರಡು ಪ್ಲಾಸ್ಟಿಕ್ ಚೀಲದಾಗ ಹಾಕಿ ಗಂಟು ಬಿಗೀತೀನ್ರಿ. ಯಾರಿಗೂ ಗೊತ್ತಾಗಂಗಿಲ್ಲ."

ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ನನ್ನ ಬಾಯಿಗೆ ಎಷ್ಟು ಸಲೀಸು ಅಂತ ಈಗ ಅನ್ನಿಸುತ್ತದೆ. ಅವರು ಹೋದರು. ಹನ್ನೆರಡಕ್ಕೆ ಬರಬೇಕಾದವರು ಎರಡಾದರೂ ಬರಲಿಲ್ಲ. ಬಂದಾಗ ಎರಡೂವರೆ ದಾಟಿತ್ತು. ಅವರ ಮುಖದಲ್ಲಿ ಹಿಗ್ಗು, ಅಳುಕು ಎರಡೂ ಬಣ್ಣ ಇದ್ದವು. ಬಾಗಿಲಲ್ಲಿ ನಿಂತೇ, "ಉಂಡು ಬಂದೆ" ಅಂದರು. ರಕ್ತ ತೆಗೆದು ಕೊಳವೆಗಳನ್ನು ಡಬ್ಬಿಗೆ ಹಾಕಿ ಪಡಸಾಲೆಯಲ್ಲಿಟ್ಟು ಹೊರಡುವಾಗ, ಶಿವಲೀಲಾಳ ತಾಯಿ ಕೈ ಹಿಡಿದು ಒಳಗೆ ಕರೆದಳಂತೆ. ಕಟ್ಟೆಯ ಮೇಲಲ್ಲ, ಪಡಸಾಲೆಯಲ್ಲೂ ಅಲ್ಲ, ಅಡುಗೆಮನೆಯಲ್ಲಿ ಮಣೆ ಹಾಕಿ, ತಮ್ಮ ಪಕ್ಕದಲ್ಲೇ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು. ಇನ್ನೊಂದು ರೊಟ್ಟಿ, ಇನ್ನೊಂದು ರೊಟ್ಟಿ ಅಂತ ಏಳಲು ಬಿಡಲಿಲ್ಲವಂತೆ.

ಆಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದೆ. ಐಸಿನ ಚೀಲ ಸೋರಿ ಒಳಗೆಲ್ಲ ನೀರು. ಕೊಳವೆಗಳು ನೀರಿನಲ್ಲಿ ತೇಲುತ್ತಿದ್ದವು. ಬೆರಳ ಬೆನ್ನು ಯಾಕೆ, ಮೊದ್ದು ಅಂಗೈಯಿಂದ ಮುಟ್ಟಿದ್ದರೂ ಉಗುರುಬೆಚ್ಚಗಿರುವುದು ತಿಳಿಯುತ್ತಿತ್ತು.

"ಬಿಸಿಲಾಗ ಇತ್ತು" ಅಂದರು ಅಕ್ಕಾರು. "ಮುಚ್ಚಳ ಬರೋಬ್ಬರಿ ಕುಂತಿರಲಿಲ್ಲ."

"ನಡೀತದ ಬಿಡ್ರಿ" ಅಂದೆ.

ದಢೇಸುಗೂರಿನ ಹಾಗೆ ಅವರು ಕೆಂಪು ಚೀಲ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಕನ್ನಡಕ ತೆಗೆಯಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತರು. ಆ ಮನೆಗೆ ಮರಳಿ ಹೋಗಿ, ನಿಮ್ಮ ಅಡುಗೆಮನೆಯಲ್ಲಿ ಉಣ್ಣುತ್ತ ಕುಂತದ್ದಕ್ಕೆ ನಿಮ್ಮ ಮಗಳ ರಕ್ತ ಕೆಟ್ಟಿತು ಅಂತ ಹೇಳುವುದು ಅವರಿಂದ ಆಗಲಿಲ್ಲ. ಜೀವಮಾನದಲ್ಲಿ ಅದೊಂದು ದಿನ ಆಗಲಿಲ್ಲ. ನಾನು ಯಂತ್ರ ತಿರುಗಿಸಿದೆ, ಫ್ರೀಜರಿನಲ್ಲಿಟ್ಟೆ, ವ್ಯಾನಿನ ಹಾಳೆಯ ಮೇಲೆ ಐಸು ಸರಿಯಾಗಿತ್ತು ಅನ್ನುವ ಜಾಗಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಸಹಿ ನನ್ನದು.

ವರದಿ ಬಂತು. ಶಿವಲೀಲಾಳ ರಕ್ತದಲ್ಲೂ ಕಾವಲು ಪ್ರೋಟೀನು ಕಡಿಮೆ, ಒಡೆದ ಚೂರುಗಳು ಜಾಸ್ತಿ, ಅಣ್ಣನ ಹಾಗೇ ಕಾಣುತ್ತದೆ. ಕಿಡ್ನಿ ಕೊಡುವುದು ಬೇಡ ಅಂದರು ಡಾಕ್ಟರು. ಡಯಾಲಿಸಿಸ್‌ಗೆ ಬಂದ ಬಸವರಾಜನ ಜೊತೆ ಅವಳೂ ಲ್ಯಾಬಿಗೆ ಬಂದಿದ್ದಳು. ಅಣ್ಣನಿಗೆ ಇನ್ನು ದಾರಿಯಿಲ್ಲ ಅನ್ನುವ ಚಿಂತೆ ಒಂದು, ತನಗೂ ಹಾಗೇ ಆಗುತ್ತದೆ ಅನ್ನುವ ಭಯ ಇನ್ನೊಂದು. ಬೆಳಗ್ಗೆ ಎದ್ದ ತಕ್ಷಣ ಕನ್ನಡಿ ನೋಡಿಕೊಳ್ಳುತ್ತೇನೆ, ಮುಖ ಊದಿದೆಯಾ ಅಂತ, ಅಂದಳು. ಉಪ್ಪು ಬಿಟ್ಟಿದ್ದಳು. ಬಸವರಾಜ ತಂಗಿಯ ಚೀಲವನ್ನು ತಾನೇ ಹಿಡಿದುಕೊಂಡು ನಿಂತಿದ್ದ.

ಅಲ್ಲಿಂದ ಅಕ್ಕಾರ ಅವತಾರವೇ ಬೇರೆಯಾಯಿತು. ಕೆಲಸ ಇಲ್ಲದ ದಿನವೂ ನಾನು ಶಟರ್ ಎತ್ತುವ ಮುಂಚೆ ಓಣಿಯ ತುದಿಯಲ್ಲಿ ನಿಂತಿರುವರು. ಒಳಗೆ ಬಂದು ಪೆನ್ನು ಜೋಡಿಸುವರು, ಕೆಡಿಸುವರು. ಮಸ್ಕಿಗೆ ಹೋಗ್ತೀನಿ ಅಂತ ಹೊರಟು ಬಸ್ ನಿಲ್ದಾಣದಿಂದ ವಾಪಸ್ಸು ಬರುವರು. ನಾಲ್ಕನೇ ದಿನ ನಿಂತುಕೊಂಡೇ ಹೇಳಿದರು.

"ಡಾಕ್ಟರಿಗೆ ಫೋನ್ ಮಾಡ್ತೀನಿ."

"ಅಕ್ಕಾರ, ಜೀನ್ ತಪಾಸಣಿ ವರದಿ ಹೆಂಗಿದ್ರೂ ಬರ್ತದ. ಅದರಾಗ ಖರೇ ಏನಂಬೋದು ತಿಳೀತದ."

"ಅದು ಬರಾಕ ಎಷ್ಟು ತಿಂಗಳೋ. ಅಲ್ಲಿಮಟ ಆ ಹುಡುಗ ಇರ್ತಾನೇನು?"

"ನನ್ನ ಸಹಿ ಐತ್ರಿ ಅದರ ಮ್ಯಾಲ. ಲ್ಯಾಬಿನ ಹೆಸರು ಹೋಗ್ತದ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ನಿನ್ನ ಹೆಸರು ಬರಂಗಿಲ್ಲ. ನಾ ಹೊಸ ಐಸು ಮ್ಯಾಲ ಹಾಕಿ ಕೊಟ್ಟಿದ್ದೆ, ನಿನಗ ಗೊತ್ತಾಗಿಲ್ಲ ಅಂತೀನಿ." ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಮಾತು ಬದಲಿಸಲು ಚಹಾ ತರಿಸಲೇನು ಅಂದೆ. ಅವರು ಹೊರಗೆ ಹೋಗಿ, ಅಕ್ಕಿ ಗಿರಣಿಯ ಸದ್ದಿನಲ್ಲಿ ಕೇಳದೆ ಒಂದು ಕಿವಿ ಮುಚ್ಚಿಕೊಂಡು, ಫೋನಿನಲ್ಲಿ ಎಲ್ಲವನ್ನೂ ಹೇಳಿದರು. ಆ ಕಡೆಯ ಕಾಲೇಜಿನ ಡಾಕ್ಟರಮ್ಮ, ಮತ್ತೆ ರಕ್ತ ತೆಗೆಯಿರಿ, ಈ ಸಲ ವ್ಯಾನೇ ಮನೆ ಬಾಗಿಲಿಗೆ ಬರುತ್ತದೆ ಅಂದರಂತೆ.

ಆ ದಿನ ನಾನೂ ಜೊತೆಗೆ ಹೋದೆ. ಹೋಗದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಅಕ್ಕಾರು ಪಡಸಾಲೆಯ ಮೆಟ್ಟಿಲಿನ ಕೆಳಗೇ ನಿಂತರು. ಸಾವಕಾರರು, ಅವರ ಹೆಂಡತಿ, ಶಿವಲೀಲಾ, ಬಾಗಿಲ ಬಳಿ ಸಾವಕಾರರ ಮುಪ್ಪಿನ ತಾಯಿ. ಮನೆಯವರೆಲ್ಲ ಆಕೆಗೆ ಆಯಿ ಅನ್ನುತ್ತಿದ್ದರು. ಆಯಿ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು.

"ತಪ್ಪು ನನ್ನದೈತ್ರಿ" ಅಂದರು ಅಕ್ಕಾರು. "ಅವತ್ತ ಡಬ್ಬಿ ನಾ ಬಿಸಿಲಾಗ ಇಟ್ಟಿದ್ದೆ. ಐಸು ಕರಗಿ ರಕ್ತ ಕೆಟ್ಟಿತ್ತು. ಕೆಟ್ಟದ್ದು ಗೊತ್ತಿದ್ದೂ ಕಳಿಸೀನಿ. ಈ ವರದಿ ನಂಬಬ್ಯಾಡ್ರಿ. ಮತ್ತ ಒಮ್ಮಿ ಕೊಡ್ರಿ."

ಆಯಿಯ ಕೈ ಮೊರದ ಮೇಲೆ ನಿಂತಿತು. ಮುದುಕಿಗೂ ಆಘಾತವಾಗಿದೆ ಅಂದುಕೊಂಡೆ ನಾನು.

ಸಾವಕಾರರು ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರು. "ನಮ್ಮ ಮನಿ ಒಳಗ ಕರದು ಉಣ್ಣಾಕ ಹಾಕಿದ್ವಿ. ಉಂಡು ಹೋಗಿ ಹಿಂಗ ಮಾಡಿದ್ರೇನ್ರಿ? ಹನ್ನೊಂದು ದಿನ ನನ್ನ ಮಗಳು ಉಪ್ಪಿಲ್ಲದ ಅನ್ನ ತಿಂದಾಳ. ನಿಮ್ಮಂಥವರನ್ನ ಒಳಗ ಕರದದ್ದು ನಮ್ಮದ ತಪ್ಪು."

ನಿಮ್ಮಂಥವರು ಅನ್ನುವ ಮಾತು ಎಲ್ಲಿಂದ ಬಂತು, ಎಲ್ಲಿಗೆ ಹೋಗಿ ಮುಟ್ಟಿತು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಕ್ಕಾರು ತಲೆ ತಗ್ಗಿಸಲಿಲ್ಲ. ಶಿವಲೀಲಾ ಬಂದು ಕಟ್ಟೆಯ ಮೇಲೆ ಕುಂತು ತೋಳು ಚಾಚಿದಳು. ಅಕ್ಕಾರು ರಕ್ತ ತೆಗೆದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ವ್ಯಾನು ಬರುವ ತನಕ ಅಂಗಳದ ಬೇವಿನ ನೆರಳಿನಲ್ಲಿ ಕುಂತರು. ಅವರು ಅಲುಗದೆ ಕುಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಬಾಯಿ ಮಾತ್ರ ಹೊಲಿದ ಹಾಗಿತ್ತು.

ಆ ಸಲದ ವರದಿ ಸ್ವಚ್ಛ ಬಂತು. ಮುಂದೆ ಜೀನ್ ವರದಿಯೂ ಅವಳಲ್ಲಿ ಅಣ್ಣನ ದೋಷ ಇಲ್ಲ ಅಂದಿತು. ಆಪರೇಷನ್ ಆಯಿತು. ಹೊಸ ಕಿಡ್ನಿಗೂ ರೋಗ ಮರಳಿ ಬರಬಹುದು ಅಂತ ಡಾಕ್ಟರು ಕಣ್ಣಿಟ್ಟಿದ್ದಾರೆ, ಇಲ್ಲಿಯವರೆಗೆ ಬಸವರಾಜ ಅಂಗಡಿಯಲ್ಲಿ ಕುಂತು ಗಿರಾಕಿಗಳ ಜೊತೆ ಜಗಳಾಡುವಷ್ಟು ಗಟ್ಟಿಯಾಗಿದ್ದಾನೆ. ಕಾಲೇಜಿನವರು ಅಕ್ಕಾರನ್ನು ಬಿಡಲಿಲ್ಲ. ತಪ್ಪು ಹೇಳಿಕೊಂಡವರು ತರುವ ರಕ್ತದ ಮೇಲೆ ನಂಬಿಕೆ ಜಾಸ್ತಿ ಅಂದರಂತೆ. ಅಕ್ಕಾರು ಮೊಣಕಾಲು ಕೈಕೊಡುವ ತನಕ ತಿರುಗಿದರು. ಆದರೆ ಪಾಮನಕಲ್ಲೂರಿನ ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ. ಒಮ್ಮೆ ಬಸ್ಸು ಆ ಊರಿನ ಮೇಲೆ ಹೋಗುವಾಗ ಕಿಟಕಿಯ ಹೊರಗೆ ನೋಡುತ್ತ, "ಪುಂಡಿಪಲ್ಯ ಭಾಳ ಚಲೋ ಮಾಡಿದ್ಲೋ ಆಕಿ" ಅಂದರು. ನಾನು ಹೌದೇನ್ರಿ ಅಂದೆ.

ಮೂರನೇ ದಿನಕ್ಕೆ ಮಸ್ಕಿಗೆ ಹೋದಾಗ ತಂಗಿಯ ಮಗಳು ನೀಲಿ ಡಬ್ಬಿಯನ್ನು ತಂದು ನನ್ನ ಕೈಗಿಟ್ಟಳು. ಮನೆಯಲ್ಲಿ ಯಾರಿಗೂ ಬೇಡ, ನಿಮಗೆ ಕೆಲಸಕ್ಕೆ ಬಂದೀತು ಅಂದಳು. ಮೂಲೆ ಸವೆದಿತ್ತು, ಹಿಡಿಕೆಗೆ ಸೀರೆಯ ಅಂಚು ಸುತ್ತಿತ್ತು. ಬಸ್ಸಿನಲ್ಲಿ ಅದನ್ನು ನೆರಳಿನ ಕಡೆಗೇ ಇಟ್ಟುಕೊಂಡು ಬಂದೆ, ಖಾಲಿ ಡಬ್ಬಿಯನ್ನು.

ನಿನ್ನೆ ಶಿವಲೀಲಾ ಬಂದಿದ್ದಳು. ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು, ಅದರ ಜೊತೆಗೆ ಸಂಶೋಧನೆಗೂ ಒಂದು ಕೊಳವೆ. ಈಗ ಮಸ್ಕಿಯಲ್ಲಿ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಕುರ್ಚಿಯಲ್ಲಿ ಕುಂತವಳು ಅತ್ತಿತ್ತ ನೋಡಿ, "ಅಕ್ಕಾರು ಬರ್ತಾರೇನ್ರಿ ಇವತ್ತ?" ಅಂದಳು.

ಹೇಳಿದೆ. ಅವಳು ಕಣ್ಣು ಒರೆಸಿಕೊಂಡು ಆಮೇಲೆ ಹೇಳಿದಳು.

"ಹೋದ ತಿಂಗಳ ನಮ್ಮ ಆಯಿ ತೀರಿಕೊಂಡ್ಳ್ರಿ. ಹೋಗೂ ಮುಂಚೆ ಅಪ್ಪನ್ನ ಕರದು ಹೇಳಿದ್ಲು. ಅವತ್ತ ಅಕ್ಕಾರು ಒಳಗ ಉಣ್ಣಾಕತ್ತಿದ್ರಲ್ಲ, ಪಡಸಾಲ್ಯಾಗ ಡಬ್ಬಿಯಿಂದ ಮೀನದ ವಾಸನಿ ಬಂತಂತ. ಏನೈತಂತ ಮುಚ್ಚಳ ತಗದು ನೋಡ್ಯಾಳ. ರಕ್ತ ಕಂಡು ಹೆದರಿ, ಎತ್ತಿ ಒಯ್ದು ಹಿತ್ತಲದಾಗ ಇಟ್ಟಾಳ. ಮುಚ್ಚಳಾನೂ ಸರಿ ಹಾಕಿಲ್ಲ. ಅಕ್ಕಾರು ಬಂದು ನೋಡಿದಾಗ ಆಯಿ ಅಲ್ಲೇ ನಿಂತಿದ್ಲಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಯಾರ. ಅಕ್ಕಾರು ಒಂದು ಮಾತೂ ಅನ್ನದ ಡಬ್ಬಿ ತಗೊಂಡು ಹೋಗ್ಯಾರ."

ಬೇಳೆಯ ಮೊರದ ಮೇಲೆ ನಿಂತ ಕೈ ನನ್ನ ಕಣ್ಣ ಮುಂದೆ ಬಂತು. ಬಿಸಿಲಾಗ ಇತ್ತು ಅಂದಿದ್ದರು ನನಗೆ. ಯಾರು ಇಟ್ಟರು ಅಂತ ನಾನು ಕೇಳಿರಲಿಲ್ಲ.

"ಅಪ್ಪ ಅವತ್ತಿಂದ ಸರಿಯಾಗಿ ಉಂಡಿಲ್ರಿ. ಅಕ್ಕಾರನ್ನ ಮನೀಗೆ ಕರಕೊಂಡು ಬಂದು ಅದ ಮಣಿ ಮ್ಯಾಲ ಕುಂದ್ರಸಬೇಕು, ಜ್ವಾಳದ ರಾಶಿ ಒಂದು ಮುಗೀಲಿ ಅಂತಿದ್ದ. ಮುಂದಿನ ವಾರ ಹೋಗೋರಿದ್ವಿ."

ಆಗ ನನ್ನ ಬಾಯಿ ತಾನಾಗಿ ತೆರೆಯಿತು. "ಶಿವಲೀಲಾ, ಆ ಮೀನಿನಂಗಡಿ ಐಸು ತಂದವ ನಾನು. ಡಬ್ಬಿ ತಗದು ನೋಡಿದವನೂ ನಾನ. ನೀರಾಗಿತ್ತು. ಗೊತ್ತಿದ್ದೂ ಐಸು ಸರಿ ಇತ್ತಂತ ಸಹಿ ಮಾಡೀನಿ. ಅಕ್ಕಾರು ನನ್ನ ಹೆಸರು ಹೇಳಲಿಲ್ಲ."

ಅವಳು ನನ್ನನ್ನೇ ನೋಡಿದಳು. ಶಾಲೆಯ ಮಕ್ಕಳನ್ನು ಕೇಳುವ ಹಾಗೆ, ಒಂದೊಂದಾಗಿ ಕೇಳಿದಳು.

"ಅವತ್ತ ನೀವೂ ನಮ್ಮ ಅಂಗಳದಾಗ ಇದ್ರಲ್ಲ?"

"ಇದ್ದೆ."

"ಅಪ್ಪ ಅಕ್ಕಾರಿಗೆ ಅಂದ ಮಾತು ಕೇಳಿದ್ರಿ?"

"ಕೇಳಿದೆ."

ಹೊರಗೆ ಮಸ್ಕಿ ಬಸ್ಸಿನವನು ಮಂದಿಯನ್ನು ಕೂಗುತ್ತಿದ್ದ. ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ, ಹೋಗಲಿ ಅಂತಲೂ ಅಂದುಕೊಂಡೆ. ಅವಳು ಬಗ್ಗಿ ಟೇಬಲ್ಲಿನ ಕೆಳಗೆ ನೋಡಿದಳು. ನೀಲಿ ಡಬ್ಬಿ ಅಲ್ಲಿತ್ತು, ಅವತ್ತಿನ ಐಸು ತುಂಬಿಕೊಂಡು, ಹಿಡಿಕೆಗೆ ಸುತ್ತಿದ ಸೀರೆಯ ಅಂಚಿನ ಸಮೇತ.

"ಅಕ್ಕಾರದ ಅಲ್ಲೇನ್ರಿ ಇದು?"

"ಹೌದು."

"ಐಸು ಮುಟ್ಟಿ ನೋಡ್ರಿ."

ಬೆಳಗ್ಗೆ ನೋಡಿದ್ದೆ, ಆದರೂ ಮುಚ್ಚಳ ತೆಗೆದು ಬೆರಳ ಬೆನ್ನಿನಿಂದ ಮುಟ್ಟಿದೆ. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು.

"ತಣ್ಣಗೈತಿ" ಅಂದೆ.

"ಖರೇ?"

"ಖರೇ."

ಅವಳು ರವಿಕೆಯ ತೋಳು ಮೇಲೇರಿಸಿ ಕೈ ಚಾಚಿದಳು.